ಮುಟ್ಟಿದರೆ ಊಟವಿಲ್ಲ

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳ ಎರಡು ಸಾಲಿವೆ. ಗೌರಿ ಕಚ್ಚಿದ ಗುರುತು. ಗೌರಿ ಅಂದರೆ ನಾನು ಮರಿಯಿಂದ ಸಾಕಿದ ಬೋವಾ, ಹೆಬ್ಬಾವಿನಂತೆಯೇ ಬೇಟೆಯನ್ನು ಸುತ್ತಿ ಹಿಂಡುವ ಹಾವು. ಈಗ 8 ಅಡಿ ಉದ್ದ, 11 ಕೆಜಿ ತೂಕ. ಅವಳಿಗೆ ಕೋಪ ಬಂದು ಕಚ್ಚಿದ್ದಲ್ಲ. ನನ್ನ ಕೈಯನ್ನು ಇಲಿ ಅಂದುಕೊಂಡಳು. ಹಾಗೆ ಅಂದುಕೊಳ್ಳುವಂತೆ ಮಾಡಿದ್ದು ನಾನು.

ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಆಸ್ಟಿನ್‌ನಿಂದ ಸ್ವಲ್ಪ ಆಚೆ. ನನ್ನ ತವರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ನಾನು, ನನ್ನ ಗಂಡ, ಎರಡು ಹಾವು. ಗೌರಿ ಬಂದು ಒಂಬತ್ತು ವರ್ಷವಾಯಿತು. ಎರಡನೆಯವಳು ಕಾವೇರಿ, ರೆಟಿಕ್ಯುಲೇಟೆಡ್ ಪೈಥಾನ್. ಮೈಮೇಲೆ ಬಲೆ ಹೆಣೆದಂತೆ ಚಿತ್ತಾರವಿರುವ ಹೆಬ್ಬಾವು, ಆಗ್ನೇಯ ಏಷ್ಯಾದ್ದು. ಜಗತ್ತಿನಲ್ಲಿ ಅತಿ ಉದ್ದ ಬೆಳೆಯುವ ಹಾವು ಇದೇ. ಕಾವೇರಿ ಈಗ 13 ಅಡಿ ಇದ್ದಾಳೆ. ಸಾಕಲಾಗದೆ ಬಿಟ್ಟುಕೊಟ್ಟವರಿಂದ ತಂದೆವು. ಈ ಜಾತಿಗೆ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಪರ್ಮಿಟ್ ಬೇಕು. ಅದನ್ನು ಮಾಡಿಸಿಕೊಂಡೇ ಮನೆಗೆ ಕರೆತಂದದ್ದು.

ಗೌರಿ ಕಚ್ಚಿದ್ದು ನಾಲ್ಕನೇ ವರ್ಷದಲ್ಲಿ. ಶನಿವಾರ ಸಂಜೆ. ಫ್ರೀಜರ್‌ನಿಂದ ತೆಗೆದ ದೊಡ್ಡ ಇಲಿಯನ್ನು ಬಿಸಿನೀರಿನ ಬಕೆಟ್‌ನಲ್ಲಿಟ್ಟು, ಟವೆಲ್ಲಿನಲ್ಲಿ ಒರೆಸಿ ಇಟ್ಟಿದ್ದೆ. ಅವಳ ನೀರಿನ ಬೋಗುಣಿ ಓರೆಯಾಗಿತ್ತು. ಮೊದಲು ಅದನ್ನು ಸರಿಮಾಡೋಣ ಅಂತ ಬಾಗಿಲು ಸರಿಸಿ ಕೈ ಹಾಕಿದೆ. ಕೈ ತೊಳೆದಿರಲಿಲ್ಲ. ಮನೆ ತುಂಬ ಇಲಿಯ ವಾಸನೆ ಆಗಲೇ ಹರಡಿತ್ತು. ಬಾಗಿಲು ತೆರೆಯಿತು, ಬೆಚ್ಚಗಿನ ಒಂದು ವಸ್ತು ಒಳಗೆ ಬಂತು, ಅದಕ್ಕೆ ಇಲಿಯ ವಾಸನೆಯೂ ಇತ್ತು. ಹಾವಿಗೆ ಇನ್ನೇನು ಬೇಕು ಹೇಳಿ?

ಅವಳು ಬಂದದ್ದು ನನಗೆ ಕಾಣಲೇ ಇಲ್ಲ. ಹೆಬ್ಬೆರಳಿನ ಬುಡಕ್ಕೆ ಯಾರೋ ಬಾಗಿಲು ಬಡಿದಂತಾಯಿತು. ನೋಡುವಷ್ಟರಲ್ಲಿ ಮುಂಗೈಗೆ ಎರಡು ಸುತ್ತು ಬಿದ್ದಿತ್ತು. "ರೀ, ಬೇಗ ಬನ್ನಿ!" ಅಂತ ಕೂಗಿದೆ. ಅಡುಗೆಮನೆಯಿಂದ ಓಡಿ ಬಂದವರು ಮೊದಲು ಹೇಳಿದ್ದು, "ಎಳೀಬೇಡ, ಕೈ ಎಳೀಬೇಡ." ಆ ಮಾತು ನನ್ನ ಕೈ ಉಳಿಸಿತು. ಬೋವಾ, ಹೆಬ್ಬಾವುಗಳ ಹಲ್ಲು ಸೂಜಿಯಂತಿದ್ದು ಗಂಟಲ ಕಡೆಗೆ ಬಾಗಿರುತ್ತವೆ. ಹೊರಗೆ ಎಳೆದಷ್ಟೂ ಇನ್ನೂ ನಾಟುತ್ತವೆ. ಜೋರಾಗಿ ಕಿತ್ತುಕೊಂಡರೆ ಚರ್ಮ ಹರಿಯುತ್ತದೆ, ಹಾವಿನ ಹಲ್ಲೂ ಮುರಿಯುತ್ತದೆ.

ಅವರು ಬಾಲದ ತುದಿ ಹುಡುಕಿ, ಅಲ್ಲಿಂದ ಒಂದೊಂದೇ ಸುತ್ತು ಬಿಚ್ಚಿದರು. ಬಿಚ್ಚಬೇಕಾದದ್ದು ಬಾಲದಿಂದಲೇ. ತಲೆಯ ಕಡೆಯ ಮೈ ತುಂಬ ಬಲವಾಗಿರುತ್ತದೆ, ಅಲ್ಲಿ ಕೈ ಹಾಕಿದರೆ ಹಾವು ಮತ್ತಷ್ಟು ಬಿಗಿಯುತ್ತದೆ. ಸುತ್ತು ಬಿಟ್ಟರೂ ಬಾಯಿ ಬಿಡಲಿಲ್ಲ. ನಲ್ಲಿಯ ಕೆಳಗೆ ತಣ್ಣೀರು ಹಿಡಿದೆವು. ಆಗಲೂ ಬಿಡಲಿಲ್ಲ. ಕೊನೆಗೆ ಗಾಯ ಒರೆಸುವ ಸ್ಪಿರಿಟ್ಟನ್ನು ಹತ್ತಿಯಲ್ಲಿ ಅದ್ದಿ ಅವಳ ಬಾಯಿಯ ಅಂಚಿಗೆ ಹಿಡಿದರು. ಮುಖ ತಿರುಗಿಸಿ ಬಿಟ್ಟಳು. ಎಲ್ಲ ಸೇರಿ ಐದಾರು ನಿಮಿಷ ಆಗಿರಬೇಕು. ನನ್ನ ಬೆರಳುಗಳು ನೀಲಿಗಟ್ಟಿದ್ದವು.

ಈ ಹಾವುಗಳಿಗೆ ವಿಷವಿಲ್ಲ. ಆದರೂ ಹಾವಿನ ಬಾಯಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಗಾಯಗಳು ಸಣ್ಣವಾದರೂ ಆಳ. ಸೋಪು ಹಾಕಿ, ಹರಿಯುವ ನೀರಿನಲ್ಲಿ ತುಂಬ ಹೊತ್ತು ತೊಳೆದೆ. ಆ ರಾತ್ರಿಯೇ ಡಾಕ್ಟರ ಹತ್ತಿರ ಹೋಗಿ ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡೆ. ಒಂಬತ್ತು ದಿನ ಬಿಟ್ಟು ಚರ್ಮದೊಳಗಿಂದ ಒಂದು ಮುರಿದ ಹಲ್ಲು ಹೊರಬಂತು, ಮುಳ್ಳು ಬರುವ ಹಾಗೆ.

ಆಮೇಲೆ ಒಂದು ಸಂಶೋಧನೆಯ ಬಗ್ಗೆ ಓದಿದೆ. 2012ರಲ್ಲಿ ಅಮೆರಿಕದ ಡಿಕಿನ್ಸನ್ ಕಾಲೇಜಿನ ಸಂಶೋಧಕರು ಸತ್ತ ಇಲಿಗಳೊಳಗೆ ಬಡಿಯುವ ಕೃತಕ ಹೃದಯ ಇಟ್ಟು, ಬೆಚ್ಚಗೆ ಮಾಡಿ ಬೋವಾಗಳಿಗೆ ಕೊಟ್ಟು ನೋಡಿದರು. ಹೃದಯ ಬಡಿಯುತ್ತಿದ್ದಷ್ಟು ಹೊತ್ತು ಹಾವು ಹಿಡಿತ ಬಿಗಿ ಮಾಡುತ್ತಲೇ ಇತ್ತು. ಬಡಿತ ನಿಲ್ಲಿಸಿದಾಗ ಸಡಿಲಿಸಿತು. ಅಂದರೆ ನನ್ನ ಮಣಿಕಟ್ಟಿನ ನಾಡಿಯನ್ನು ಗೌರಿ ಎಣಿಸುತ್ತಿದ್ದಳು. ಅದು ನಿಲ್ಲಲಿ ಅಂತ ಕಾಯುತ್ತಿದ್ದಳು. ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. 2015ರಲ್ಲಿ ಅವರೇ ಇನ್ನೊಂದು ವಿಷಯ ತೋರಿಸಿದರು. ಬೋವಾ ಹಿಡಿದ ಇಲಿ ಉಸಿರುಗಟ್ಟಿ ಸಾಯುವುದಲ್ಲ, ಕೆಲವೇ ಸೆಕೆಂಡುಗಳಲ್ಲಿ ಅದರ ರಕ್ತದ ಓಟ ನಿಂತುಹೋಗುತ್ತದೆ. ಕತ್ತಿಗೆ ಹಾವು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಈಗ ನಿಜವಾಗಿ ಭಯವಾಗುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಪದ್ಧತಿಯೇ ಬದಲಾಯಿತು. ಅದರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬಿರುವುದು ಕೊಕ್ಕೆಯನ್ನು. ಹಾವು ಹಿಡಿಯುವವರ ಹತ್ತಿರ ಇರುತ್ತದಲ್ಲ, ಉದ್ದ ಕೋಲಿನ ತುದಿಯಲ್ಲಿ ಬಾಗಿದ ಕಂಬಿ, ಅದೇ. ಊಟವಿಲ್ಲದ ದಿನ ಬಾಗಿಲು ತೆರೆದ ತಕ್ಷಣ ಕೊಕ್ಕೆಯಿಂದ ಹಾವಿನ ಮೈಯನ್ನು ಮೆತ್ತಗೆ ಸವರುತ್ತೇನೆ. ನೀರು ಬದಲಿಸುವುದಿರಲಿ, ಕಸ ತೆಗೆಯುವುದಿರಲಿ, ಎತ್ತಿಕೊಳ್ಳುವುದಿರಲಿ, ಮೊದಲು ಕೊಕ್ಕೆ. ಊಟದ ದಿನ ಮಾತ್ರ ಕೊಕ್ಕೆ ತಾಗಿಸುವುದೇ ಇಲ್ಲ. ಮುಟ್ಟಿದರೆ ಊಟವಿಲ್ಲ. ಗೌರಿಗೆ ಇದು ಅರ್ಥವಾಗಲು ಎರಡು ಮೂರು ತಿಂಗಳು ಬೇಕಾಯಿತು. ಮೊದಲೆಲ್ಲ ಬಾಗಿಲ ಸದ್ದಾದರೆ ಸಾಕು, ಕುತ್ತಿಗೆಯನ್ನು ಎಸ್ ಆಕಾರಕ್ಕೆ ಮಡಚಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಈಗ ಕೊಕ್ಕೆ ತಾಗಿದೊಡನೆ ಮೈ ಸಡಿಲ ಬಿಟ್ಟು ನಾಲಿಗೆ ನಿಧಾನವಾಗಿ ಆಡಿಸುತ್ತಾಳೆ. ಆ ನಾಲಿಗೆಯ ವೇಗ ನೋಡಿ ಅವಳ ಮನಸ್ಸು ತಿಳಿಯುವುದನ್ನು ನಾನು ಕಲಿತಿದ್ದೇನೆ.

ಇನ್ನೊಂದು, ಬಾಗಿಲು ತೆರೆಯುವುದೆಂದರೆ ಊಟ ಅಂತ ಹಾವಿಗೆ ಅನಿಸಬಾರದು. ತಿಂಗಳಿಗೆ ಒಂದೇ ಸಲ, ಊಟಕ್ಕೆ ಮಾತ್ರ ತೆರೆದರೆ ಅದು ಬೇರೇನು ಕಲಿಯುತ್ತದೆ? ಅದಕ್ಕೇ ನಾನು ದಿನಾ ತೆರೆಯುತ್ತೇನೆ, ಏನೂ ಕೊಡದೆ ಮುಚ್ಚುತ್ತೇನೆ.

ಹಾವನ್ನು ಬೇರೆ ಡಬ್ಬಕ್ಕೆ ಸಾಗಿಸಿ ಅಲ್ಲಿ ತಿನ್ನಿಸಬೇಕು, ಆಗ ಗೂಡಿನಲ್ಲಿ ಕಚ್ಚುವುದಿಲ್ಲ ಅಂತ ಹಲವರು ಹೇಳುತ್ತಾರೆ. ನಾನೂ ಮರಿಯಿದ್ದಾಗ ಹಾಗೇ ಮಾಡುತ್ತಿದ್ದೆ. ದೊಡ್ಡ ಹಾವಿಗೆ ಇದು ಅಪಾಯ. ತಿಂದ ಮೇಲೂ ಹಾವು ಬೇಟೆಯ ಗುಂಗಿನಲ್ಲೇ ಇರುತ್ತದೆ, ಇನ್ನೊಂದು ಸಿಗುತ್ತದಾ ಅಂತ ಹುಡುಕುತ್ತದೆ. ಆ ಹೊತ್ತಿನಲ್ಲಿ 13 ಅಡಿಯ ಹಾವನ್ನು ಎತ್ತಿ ವಾಪಸು ಗೂಡಿಗೆ ಬಿಡುವವರು ಯಾರು? ಅದರ ಗೂಡಿನಲ್ಲೇ ಕೊಡಿ, ಬಾಗಿಲು ಹಾಕಿ.

ಜೀವಂತ ಇಲಿ ನಾನು ಕೊಡುವುದಿಲ್ಲ. ಇಲಿಗೂ ಹಿಂಸೆ, ಹಾವಿಗೂ ಅಪಾಯ. ಹಾವು ತಕ್ಷಣ ಹಿಡಿಯದಿದ್ದರೆ ಇಲಿಯೇ ಹಾವನ್ನು ಕಚ್ಚಿ ತಿನ್ನಲು ಶುರುಮಾಡುತ್ತದೆ. ಇಲ್ಲಿ ಸಾಯಿಸಿ ಫ್ರೀಜ್ ಮಾಡಿದ ಇಲಿ, ಮೊಲ ಸಿಗುತ್ತವೆ. ಅವಕ್ಕೆಂದೇ ಗರಾಜಿನಲ್ಲಿ ಬೇರೆ ಫ್ರೀಜರ್ ಇದೆ. ನಮ್ಮ ಅಡುಗೆಯ ಫ್ರೀಜರ್‌ಗೆ ಅವು ಬರುವುದಿಲ್ಲ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದ್ದೇ ಇದೆ. ಗೌರಿಗೆ ನಾಲ್ಕು ವಾರಕ್ಕೊಮ್ಮೆ ಅರ್ಧ ಕೆಜಿಯ ಒಂದು ಇಲಿ. ಕಾವೇರಿಗೆ ಹೆಚ್ಚುಕಡಿಮೆ ಅಷ್ಟೇ ದಿನಕ್ಕೊಮ್ಮೆ ಒಂದೂವರೆ ಕೆಜಿಯ ಮೊಲ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪವಿರುವ ಬೇಟೆ ಸಾಕು. ಜಾಸ್ತಿ ತಿನ್ನಿಸಿ ಬೇಗ ಬೆಳೆಸುವವರಿದ್ದಾರೆ. ಅಂಥ ಹಾವಿಗೆ ಕೊಬ್ಬು ಕಟ್ಟುತ್ತದೆ, ಆಯಸ್ಸೂ ಕಡಿಮೆ.

ಮೊಲವನ್ನು ಹಿಂದಿನ ದಿನವೇ ಕವರಿನಲ್ಲಿ ಸುತ್ತಿ, ಗರಾಜಿನ ಫ್ರಿಜ್‌ಗೆ ಇಳಿಸುತ್ತೇನೆ. ಮರುದಿನ ಕವರಿನ ಸಮೇತ ಬಿಸಿನೀರಿನಲ್ಲಿ ಇಡುತ್ತೇನೆ. ಮೈಕ್ರೋವೇವ್ ಬೇಡವೇ ಬೇಡ. ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಮಂಜುಗಡ್ಡೆಯಾಗಿಯೇ ಉಳಿಯುತ್ತದೆ, ಹೊಟ್ಟೆ ಒಡೆಯುವುದೂ ಉಂಟು. ಹೊಟ್ಟೆ ಒತ್ತಿ ನೋಡಿದಾಗ ಒಳಗೆ ಗಟ್ಟಿ ಇರಬಾರದು. ಹೊರಮೈ 38ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಕೂದಲು ಒಣಗಿಸುವ ಡ್ರೈಯರ್‌ನಿಂದ ತಲೆಯ ಭಾಗವನ್ನು ಇನ್ನಷ್ಟು ಬಿಸಿ ಮಾಡುತ್ತೇನೆ. ಕಾವೇರಿಯ ತುಟಿಯಲ್ಲಿ ಸಾಲಾಗಿ ಗುಳಿಗಳಿವೆ, ಅವುಗಳಿಂದ ಅವಳು ಶಾಖವನ್ನು 'ನೋಡುತ್ತಾಳೆ'. ಗೌರಿಗೆ ಅಂಥ ಗುಳಿ ಕಾಣದಿದ್ದರೂ ಶಾಖ ತಿಳಿಯುತ್ತದೆ. ಮೊಲ ನನ್ನ ಕೈಗಿಂತ ಬಿಸಿಯಾಗಿದ್ದರೆ ಗುರಿ ಮೊಲದ ಕಡೆಗೇ ಹೋಗುತ್ತದೆ. ತಣ್ಣಗಿನ ಮೊಲ ಹಿಡಿದು ನಿಂತರೆ ಅಲ್ಲಿ ಬೆಚ್ಚಗಿರುವುದು ನೀವೊಬ್ಬರೇ, ಅಲ್ವಾ?

ಆಮೇಲೆ ಮೊಳಕೈ ತನಕ ಸೋಪು ಹಾಕಿ ತೊಳೆದು, ಅಂಗಿ ಬದಲಿಸಿ ಗೂಡಿನ ಕೋಣೆಗೆ ಹೋಗುತ್ತೇನೆ.

ಗೌರಿಗೆ ಎರಡೂವರೆ ಅಡಿ ಉದ್ದದ ಇಕ್ಕಳದಲ್ಲಿ ಇಲಿ ಹಿಡಿದು ಕೊಡುತ್ತೇನೆ. ಅವಳು ಹಿಡಿದ ಕ್ಷಣ ಇಕ್ಕಳ ಸಡಿಲಿಸಿ ಹಿಂದೆ ಸರಿಯುತ್ತೇನೆ. ಕಾವೇರಿಗೆ ಇಕ್ಕಳವೂ ಇಲ್ಲ. ಬಾಗಿಲಿನ ಗಾಜಿನಿಂದ ಅವಳ ತಲೆ ಎಲ್ಲಿದೆ ನೋಡಿಕೊಂಡು, ಇನ್ನೊಂದು ಬದಿಯ ಬಾಗಿಲು ಸರಿಸಿ ಮೊಲವನ್ನು ಒಳಗಿಟ್ಟು ಮುಚ್ಚುತ್ತೇವೆ. ತಲೆ ಕಾಣದಿದ್ದರೆ ಬಾಗಿಲು ತೆರೆಯುವುದೇ ಇಲ್ಲ. ನನ್ನ ಗಂಡ ಪಕ್ಕದಲ್ಲಿ ಪ್ಲಾಸ್ಟಿಕ್ ಡ್ರಮ್ಮಿನ ಅಗಲ ಮುಚ್ಚಳ ಹಿಡಿದು ಗುರಾಣಿಯಂತೆ ನಿಂತಿರುತ್ತಾರೆ. ಸ್ಪಿರಿಟ್ ಬಾಟಲಿ ಕೈಗೆಟಕುವಲ್ಲಿ ಇರುತ್ತದೆ. ಅವರು ಊರಲ್ಲಿಲ್ಲದಿದ್ದರೆ ಕಾವೇರಿಗೆ ಅಂದು ಊಟವಿಲ್ಲ. ಒಂದು ವಾರ ತಡವಾದರೆ ಹೆಬ್ಬಾವಿಗೆ ಏನೂ ಆಗುವುದಿಲ್ಲ. 8 ಅಡಿ ದಾಟಿದ ಹಾವಿನ ಹತ್ತಿರ ಒಬ್ಬರೇ ಇರಬಾರದು. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ಹಾಲಿನಂತೆ ಮಸುಕಾಗುತ್ತದೆ. ಆಗಲೂ ಊಟ ಕೊಡುವುದಿಲ್ಲ. ಸರಿಯಾಗಿ ಕಾಣದ ಹಾವು ಸಣ್ಣ ಅಲುಗಾಟಕ್ಕೂ ಬೆದರುತ್ತದೆ.

ತಿಂದ ಮೇಲೆ ಮರುದಿನ ಬೆಳಗಿನ ತನಕ ಬಾಗಿಲು ಮುಟ್ಟುವುದಿಲ್ಲ. ಒಂದು ವಾರ ಎತ್ತುವುದಿಲ್ಲ. ಊಟವಾದ ಮೇಲೆ ಹೆಬ್ಬಾವಿನ ಮೈಯೊಳಗೆ ದೊಡ್ಡ ಕೆಲಸ ನಡೆಯುತ್ತದೆ. ಬರ್ಮೀಸ್ ಹೆಬ್ಬಾವು ತಿಂದ ಎರಡೇ ದಿನದಲ್ಲಿ ಅದರ ಹೃದಯದ ತೂಕ ಶೇಕಡಾ 40ರಷ್ಟು ಏರುತ್ತದೆ ಅಂತ 2005ರಲ್ಲೇ ಕಂಡುಕೊಂಡಿದ್ದಾರೆ. ಅಂಥ ಹೊತ್ತಿನಲ್ಲಿ ಎತ್ತಿ ಆಡಿಸಿದರೆ ತಿಂದದ್ದನ್ನು ಕಕ್ಕಿಬಿಡುತ್ತದೆ.

ಕಳೆದ ಶ್ರಾವಣದಲ್ಲಿ ಅಮ್ಮ ಬಂದಿದ್ದಾಗ ಈ ಮಾತು ಬಂತು. "ಹೌದು ಪುಟ್ಟಿ, ನಮ್ಮ ತೋಟದಲ್ಲಿ ಹೆಬ್ಬಾವು ಕೋಳಿ ನುಂಗಿ ಬಿದ್ದಿತ್ತು. ಹುಡುಗರು ಕೋಲಲ್ಲಿ ತಿವಿದರು, ಕೋಳಿ ಕಕ್ಕಿ ಹೋಯ್ತು" ಅಂದರು. ಪಂಚಮಿ ದಿನ ಗೌರಿಗೆ ಹಾಲಿಡಬೇಕು ಅಂತ ಅವರ ಆಸೆ. "ಹಾವು ಹಾಲು ಕುಡಿಯೋದಿಲ್ಲಮ್ಮ, ಕುಡಿದರೂ ಅದಕ್ಕೆ ಜೀರ್ಣವಾಗೋದಿಲ್ಲ" ಅಂದೆ. ಅಮ್ಮ ವಾದ ಮಾಡಲಿಲ್ಲ. ಬೋಗುಣಿ ತೊಳೆದು ಹೊಸ ನೀರು ತುಂಬಿ ಕೊಟ್ಟರು. ನಾನು ಕೊಕ್ಕೆ ತಾಗಿಸಿ, ಅದನ್ನು ಒಳಗಿಟ್ಟೆ.

ಬೀಗದ ಬಗ್ಗೆ ಹೇಳದೆ ಮುಗಿಸಲಾರೆ. 2013ರಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್‌ನಲ್ಲಿ ಗೂಡಿನಿಂದ ತಪ್ಪಿಸಿಕೊಂಡ ಆಫ್ರಿಕನ್ ಹೆಬ್ಬಾವು ಮಲಗಿದ್ದ ಇಬ್ಬರು ಮಕ್ಕಳನ್ನು ಕೊಂದಿತು. ನಮ್ಮ ಎರಡೂ ಗೂಡಿಗೆ ಬೀಗವಿದೆ, ಆ ಕೋಣೆಗೂ ಬೇರೆ ಬೀಗವಿದೆ. ಮಕ್ಕಳಿರುವ ಮನೆಯವರು ಕೇಳಿದರೆ, ಇಷ್ಟು ದೊಡ್ಡ ಹಾವು ಬೇಡ ಅಂತಲೇ ಹೇಳುತ್ತೇನೆ.

ನಾವೂ ಹೆಬ್ಬಾವು ಸಾಕಬಹುದಾ ಅಂತ ಊರಿನಿಂದಲೂ ಕೆಲವರು ಫೋನ್ ಮಾಡಿ ಕೇಳುತ್ತಾರೆ. ನಮ್ಮ ಕಾಡಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ. ಅದನ್ನು ಮನೆಯಲ್ಲಿ ಸಾಕುವುದು ಅಪರಾಧ. ತೋಟಕ್ಕೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ, ದೂರ ನಿಲ್ಲಿ. ಬೋವಾದಂಥ ಹೊರದೇಶದ ಹಾವುಗಳಿಗೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಹೋದ ತಿಂಗಳು ಕಾವೇರಿ ಮೊಲ ಮುಟ್ಟಲಿಲ್ಲ. ಮೂಸಿ ನೋಡಿ, ತಿರುಗಿ ಮಲಗಿದಳು. ಇಂಥ ಹೊತ್ತಿನಲ್ಲೂ ಎಚ್ಚರ ಬೇಕು, ಮೊಲ ತೆಗೆಯಲು ಕೈ ಹಾಕಿದಾಗಲೇ ಹಾವು ಮನಸ್ಸು ಬದಲಿಸಬಹುದು. ಬೆಳಗಿನ ತನಕ ಬಿಟ್ಟೆವು. ಗಂಡ ಮುಚ್ಚಳವನ್ನು ಅವಳ ತಲೆಯ ಮುಂದೆ ಅಡ್ಡ ಹಿಡಿದರು, ನಾನು ಕೊಕ್ಕೆಯಿಂದ ಮೊಲವನ್ನು ಬಾಗಿಲ ತನಕ ಎಳೆದು, ಇಕ್ಕಳದಲ್ಲಿ ಎತ್ತಿದೆ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡುವಂತಿಲ್ಲ. ಹಿತ್ತಲಿನ ನಿಂಬೆ ಗಿಡದ ಬುಡದಲ್ಲಿ ಆಳವಾಗಿ ಹೂತೆವು. ಎರಡು ವಾರಕ್ಕೆ ಅವಳು ಪೊರೆ ಬಿಟ್ಟಳು, ಮೂಗಿನಿಂದ ಬಾಲದ ತನಕ ಒಂದೂ ಹರಿಯದ ಹಾಗೆ. ಅದಾಗಿ ನಾಲ್ಕನೇ ದಿನ ಇನ್ನೊಂದು ಮೊಲ ಇಟ್ಟೆವು. ಬಾಗಿಲು ಮುಚ್ಚಿ ಬೀಗ ಹಾಕುವಷ್ಟರಲ್ಲಿ ಹಿಡಿದಿದ್ದಳು.