ಸರ್ವರ್‌ನಿಂದ ಬಿಚ್ಚಿದ ಎಸ್‌ಎಸ್‌ಡಿ ಲ್ಯಾಪ್‌ಟಾಪ್‌ಗೆ: ನನ್ನ ಅನುಭವ

"ಬಳಸಿದ ಎಸ್‌ಎಸ್‌ಡಿ ಗಿರಾಕಿಗೆ ಹಾಕ್ತೀಯಾ? ಇನ್ನೊಬ್ಬರು ಉಜ್ಜಿದ ಬ್ರಷ್ ಕೈಗೆ ಕೊಟ್ಟ ಹಾಗಾಯ್ತು." 2021ರಲ್ಲಿ ಬೆಂಗಳೂರಿನ ಎಸ್‌.ಪಿ. ರೋಡ್‌ನಿಂದ ಸರ್ವರ್‌ನಿಂದ ಬಿಚ್ಚಿದ ಡ್ರೈವ್‌ಗಳನ್ನು (ಎಸ್‌ಎಸ್‌ಡಿ ಅಂದರೆ ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ಹೊತ್ತು ತಂದಾಗ ಪಕ್ಕದ ಅಂಗಡಿಯ ಗೆಳೆಯ ಹೇಳಿದ ಮಾತಿದು. ಈಗ ಅವರೇ ತಿಂಗಳಿಗೆ ನಾಲ್ಕೈದು ಡ್ರೈವ್ ನನ್ನಿಂದ ಒಯ್ಯುತ್ತಾರೆ. ಇದುವರೆಗೆ ನೂರಾ ನಲವತ್ತರ ಹತ್ತಿರ ಹಾಕಿದ್ದೇನೆ, ವಾಪಸ್ ಬಂದಿದ್ದು ಮೂರು. ಹಾಗಾಗಿ ಬರೆಯುವ ಧೈರ್ಯ ಬಂತು.

ದಾವಣಗೆರೆಯಲ್ಲಿ ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಬರುವವರು ಡಿಟಿಪಿಯವರು, ಟ್ಯಾಲಿ ಬರೆಯುವ ಲೆಕ್ಕಿಗರು, ಫೋಟೋ ಸ್ಟುಡಿಯೋದವರು, ಕಾಲೇಜು ಹುಡುಗರು. ಎಲ್ಲರಂತೆ ನಾನೂ 2019ರಿಂದ ಎರಡು ವರ್ಷ ಅಗ್ಗದ ಹೊಸ ಎಸ್‌ಎಸ್‌ಡಿಗಳನ್ನೇ ಹಾಕಿದೆ. ಸುಮಾರು ಇನ್ನೂರು ಹಾಕಿರಬಹುದು. ಮೂವತ್ತರ ಹತ್ತಿರ ವಾಪಸ್ ಬಂದವು. ಮೂರು ವರ್ಷ ವಾರಂಟಿ ಇತ್ತು, ನಿಜ. ಕೊರಿಯರ್ ಮಾಡಿ ಇಪ್ಪತ್ತು ದಿನ ಕಾದರೆ ಹೊಸ ಡ್ರೈವ್ ಬರುತ್ತದೆ. ಒಳಗಿದ್ದ ಡೇಟಾ ಎಲ್ಲಿಂದ ಬರಬೇಕು?

ನನ್ನ ಕಣ್ಣು ತೆರೆಸಿದ್ದು ಒಬ್ಬ ಲೆಕ್ಕಿಗರ ಲ್ಯಾಪ್‌ಟಾಪ್. ಅವರು ಬಂದಿದ್ದು ತಿಂಗಳ 19ಕ್ಕೆ ಸಂಜೆ. 20ಕ್ಕೆ ಜಿಎಸ್‌ಟಿ 3ಬಿ ರಿಟರ್ನ್ ಕೊನೆ ದಿನ. ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗಿನ ಸೆಟ್ಟಿಂಗ್ ಪರದೆ) ತೆರೆದರೆ ಡ್ರೈವ್ ತನ್ನ ಮಾಡೆಲ್ ಹೆಸರಿನ ಬದಲು 'ಸಾಟಾಫರ್ಮ್ ಎಸ್11' ಎಂದು ತೋರಿಸುತ್ತಿತ್ತು. ಡ್ರೈವ್ ಒಳಗಿನ ಸಾಫ್ಟ್‌ವೇರ್ ಕೆಟ್ಟಿದೆ ಎಂದರ್ಥ. ಈ ಕೆಲಸ ಮಾಡುವವರಿಗೆ ಆ ಹೆಸರು ಕಂಡರೆ ಹೊಟ್ಟೆ ತೊಳಸುತ್ತದೆ, ಅಲ್ವಾ. ಡ್ರೈವ್‌ಗೆ ಎಂಟು ತಿಂಗಳೂ ತುಂಬಿರಲಿಲ್ಲ. ಹನ್ನೊಂದು ಅಂಗಡಿಗಳ ಲೆಕ್ಕ ಅದರಲ್ಲಿತ್ತು. ಆ ಮನುಷ್ಯ ಕುರ್ಚಿಯಲ್ಲಿ ಕೂತು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅವತ್ತು ರಾತ್ರಿ ಕೂತು ವಾಪಸ್ ಬಂದ ಡ್ರೈವ್‌ಗಳ ಪಟ್ಟಿ ಮಾಡಿದೆ. ಯಾವುದೂ ಬರೆದು ಬರೆದು ಸವೆದು ಸತ್ತಿರಲಿಲ್ಲ. ಓದಲು ಬಂದ ಡ್ರೈವ್‌ಗಳಲ್ಲಿ ಆಯಸ್ಸು ಶೇ 95ರ ಮೇಲೇ ಇತ್ತು. ಆದರೆ ಇಪ್ಪತ್ತಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳಲ್ಲಿ ಒಂದು ವಿಷಯ ಸಮಾನ: ಬ್ಯಾಟರಿ ಸತ್ತಿದೆ, ನೇರ ಅಡಾಪ್ಟರ್ ಮೇಲೆ ಓಡುತ್ತಿದೆ. ಕರೆಂಟ್ ಹೋದರೆ ಮೆಷಿನ್ ಢಮಾರ್. ಲ್ಯಾಪ್‌ಟಾಪ್‌ನ ಬ್ಯಾಟರಿಯೇ ಅದರ ಯುಪಿಎಸ್. ಎರಡೂವರೆ ಸಾವಿರ ಕೊಟ್ಟು ಬ್ಯಾಟರಿ ಬದಲಿಸಿ ಎಂದು ಹೇಳಿ ಹೇಳಿ ಸಾಕಾಗಿದೆ. ಹತ್ತರಲ್ಲಿ ಏಳು ಜನ ಬದಲಿಸುವುದಿಲ್ಲ. ಅವರ ಜೇಬಿನ ಕಷ್ಟ ನನಗೂ ಗೊತ್ತು.

ನಾವೆಲ್ಲ ಎಸ್‌ಎಸ್‌ಡಿ ಆರಿಸುವಾಗ ಸ್ಪೀಡ್ ನೋಡುತ್ತೇವೆ, ಟಿಬಿಡಬ್ಲ್ಯೂ (ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂಬ ಲೆಕ್ಕ) ನೋಡುತ್ತೇವೆ. ಲೆಕ್ಕಿಗರ ಲ್ಯಾಪ್‌ಟಾಪ್ ದಿನಕ್ಕೆ ಹತ್ತು ಜಿಬಿ ಬರೆದರೆ ವರ್ಷಕ್ಕೆ ಮೂರೂವರೆ ಟಿಬಿ ಚಿಲ್ಲರೆ. 120 ಟಿಬಿಡಬ್ಲ್ಯೂ ಇರುವ ಅಗ್ಗದ ಡ್ರೈವ್ ಕೂಡ ಆ ಲೆಕ್ಕದಲ್ಲಿ ಮೂವತ್ತು ವರ್ಷ ಬರಬೇಕು. ನಮ್ಮ ಊರುಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬರೆಯುತ್ತಿರುವಾಗ ಕರೆಂಟ್ ಹೋದರೆ ಏನಾಗುತ್ತದೆ? ಆ ಹೊತ್ತಿಗೆ ಬೇಕಾಗುವುದು ಬೋರ್ಡ್ ಮೇಲಿನ ಕೆಪಾಸಿಟರ್ ಸಾಲು. ಕೈಯಲ್ಲಿರುವ ಡೇಟಾ ಮತ್ತು ಮ್ಯಾಪಿಂಗ್ ಟೇಬಲ್ (ಯಾವ ಡೇಟಾ ಎಲ್ಲಿದೆ ಎಂಬ ಪಟ್ಟಿ) ಬರೆದು ಮುಗಿಸುವಷ್ಟು ಹೊತ್ತು ಅದು ಕರೆಂಟ್ ಹಿಡಿದಿಡುತ್ತದೆ. ಅಗ್ಗದ ಡ್ರೈವ್‌ಗಳಲ್ಲಿ ಅದು ಇರುವುದಿಲ್ಲ. ಸರ್ವರ್ ಡ್ರೈವ್‌ಗಳಲ್ಲಿ ಇರುತ್ತದೆ.

ಮೊದಲ ಲಾಟ್‌ನಲ್ಲಿ ಪೆಟ್ಟು ತಿಂದೆ. 480 ಜಿಬಿಯ ಹತ್ತು ಡ್ರೈವ್, ಒಂದಕ್ಕೆ ಸಾವಿರದ ಒಂಬೈನೂರರಂತೆ ಹತ್ತೊಂಬತ್ತು ಸಾವಿರ. ಎರಡಕ್ಕೆ ಪಾಸ್‌ವರ್ಡ್ ಬಿದ್ದಿತ್ತು, ತೆಗೆಯಲು ಆಗಲೇ ಇಲ್ಲ. ಒಂದು ಓದುವಾಗ ನಡುವೆ ನಿಂತುಬಿಡುತ್ತಿತ್ತು. ಇನ್ನೊಂದರ ಸ್ಮಾರ್ಟ್ ಲೆಕ್ಕವನ್ನು (ಓಡಿದ ಗಂಟೆ, ಸವೆತ ಇತ್ಯಾದಿ ಡ್ರೈವ್ ತಾನೇ ಬರೆದಿಡುವ ಪಟ್ಟಿ) ಯಾರೋ ಸೊನ್ನೆಗೆ ತಿರುಗಿಸಿದ್ದರು. ಅಂಗಡಿಯವರು ಕೊಟ್ಟಿದ್ದು ಬರೀ ಏಳು ದಿನದ ಟೆಸ್ಟಿಂಗ್ ವಾರಂಟಿ. ನಾನು ಟೆಸ್ಟ್ ಮಾಡಿದ್ದು ಎಂಟನೇ ದಿನ. ಏಳೂವರೆ ಸಾವಿರ ನೀರಿಗೆ ಹೋಯಿತು. ಅದಕ್ಕೂ ಮುಂಚೆ ಫೋನ್‌ನಲ್ಲೇ ಮಾತಾಡಿ ನಾಲ್ಕು ಎಸ್‌ಎಎಸ್ (ಸರ್ವರ್‌ಗಳ ಬೇರೆ ಬಗೆಯ ಕನೆಕ್ಟರ್) ಡ್ರೈವ್ ತರಿಸಿದ್ದೆ. ಕನೆಕ್ಟರ್ ಲ್ಯಾಪ್‌ಟಾಪ್‌ಗೆ ಕೂರುವುದೇ ಇಲ್ಲ. ಅವನ್ನು ಅರ್ಧ ಬೆಲೆಗೆ ತಳ್ಳಿದೆ. ಮನೆಯಲ್ಲಿ ಹೆಂಡತಿ "ಇನ್ನು ಸಾಕು" ಅಂದಳು.

ಬಿಡಲಿಲ್ಲ. ಈಗ ಡ್ರೈವ್ ಕೈಗೆ ಬಂದ ದಿನವೇ ಸ್ಮಾರ್ಟ್ ಪೂರ್ತಿ ಓದಿಸುತ್ತೇನೆ. ನನಗೆ ಹೆಚ್ಚು ಸಿಗುವುದು ಇಂಟೆಲ್ ಡಿಸಿ ಎಸ್3500, ಎಸ್3510, ಸ್ಯಾಮ್‌ಸಂಗ್ ಪಿಎಂ863, ಮೈಕ್ರಾನ್ 5100. ಇಂಟೆಲ್‌ನಲ್ಲಿ 233ನೇ ಸಾಲು ಸವೆಯದೆ ಉಳಿದ ಆಯಸ್ಸಿನ ಲೆಕ್ಕ, 90ಕ್ಕಿಂತ ಕೆಳಗಿದ್ದರೆ ಮುಟ್ಟುವುದಿಲ್ಲ. 480 ಜಿಬಿ ಎಸ್3500ಗೆ ಕಂಪನಿಯೇ ಹೇಳಿದ ಬರವಣಿಗೆ 275 ಟಿಬಿ. ನನಗೆ ಸಿಗುವ ಹೆಚ್ಚಿನವು ಬರೀ ಬೂಟ್ ಡ್ರೈವ್ ಆಗಿದ್ದವು, 97, 98 ತೋರಿಸುತ್ತವೆ. ಓಡಿದ ಗಂಟೆ ಮಾತ್ರ ಮೂವತ್ತು ನಲವತ್ತು ಸಾವಿರ. ಗಿರಾಕಿ ಅದನ್ನು ನೋಡಿ ಹೆದರುತ್ತಾನೆ. ನಾನು ಹೆದರುವುದು ಗಂಟೆ ಸೊನ್ನೆ ಇದ್ದಾಗ.

ನನಗೆ ಎಲ್ಲಕ್ಕಿಂತ ಮುಖ್ಯ 175ನೇ ಸಾಲು. ಕೆಪಾಸಿಟರ್ ಇನ್ನೂ ಕರೆಂಟ್ ಹಿಡಿಯುತ್ತದೆಯೇ ಎಂದು ಇಂಟೆಲ್ ಡ್ರೈವ್ ತಾನೇ ಆಗಾಗ ಪರೀಕ್ಷೆ ಮಾಡಿಕೊಂಡು ಅಲ್ಲಿ ಬರೆದಿಡುತ್ತದೆ. ಅದು ಫೇಲ್ ಇದ್ದರೆ ಈ ಡ್ರೈವ್ ಕೊಂಡ ಕಾರಣವೇ ಹೋಯಿತು. ವಾಪಸ್ ಬಂದ ಮೂರರಲ್ಲಿ ಒಂದು, ನಾನು ಈ ಸಾಲು ನೋಡದೆ ಅವಸರದಲ್ಲಿ ಕೊಟ್ಟಿದ್ದು.

ಸ್ಮಾರ್ಟ್ ಲೆಕ್ಕ ತಿರುಚಿದ್ದು ಹಿಡಿಯಲು ಒಂದು ದಾರಿ ಹೇಳುತ್ತೇನೆ. ಗಂಟೆಗಳನ್ನೂ ಆನ್ ಆಫ್ ಆದ ಸಂಖ್ಯೆಯನ್ನೂ ಪಕ್ಕಪಕ್ಕ ಇಡಿ. ಸರ್ವರ್ ಡ್ರೈವ್ ಐದು ವರ್ಷದಲ್ಲಿ ಮೂವತ್ತು ನಲವತ್ತು ಸಲ ಆಫ್ ಆಗಿರುತ್ತದೆ ಅಷ್ಟೆ. ಬರೀ ಹನ್ನೆರಡು ಗಂಟೆ ಓಡಿದೆ ಎನ್ನುವ ಡ್ರೈವ್ ಕೂಡ ಮೂವತ್ತು ನಲವತ್ತು ಸಲ ಆಫ್ ಆಗಿದ್ದರೆ ಏನೋ ಆಗಿದೆ. ಇನ್ನೊಂದು ದಾರಿಯೂ ಇದೆ, ಅದು ನನ್ನ ಅನ್ನದ ದಾರಿ, ಇಲ್ಲಿ ಬರೆಯುವುದಿಲ್ಲ. ಯಾವ ಅಂಗಡಿಯಿಂದ ತರುತ್ತೇನೆ ಅನ್ನುವುದನ್ನೂ ಕೇಳಬೇಡಿ.

ಆಮೇಲೆ ಡ್ರೈವ್ ತುಂಬ ಬರೆದು, ಪೂರ್ತಿ ವಾಪಸ್ ಓದಿಸುತ್ತೇನೆ. 480 ಜಿಬಿ ಎಸ್3500 ಮೊದಲಿನಿಂದ ಕೊನೆವರೆಗೆ ಒಂದೇ ವೇಗದಲ್ಲಿ, ಸೆಕೆಂಡಿಗೆ 400 ಎಂಬಿ ಆಸುಪಾಸು ಬರೆಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅದೇ ಬೆಲೆಯ ಒಂದು ಹೊಸ ಕ್ಯೂಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಬಗೆ) ಡ್ರೈವ್ ಮೊದಲ ನಲವತ್ತು ಐವತ್ತು ಜಿಬಿ ಓಡಿ ಓಡಿ ಬರೆದು, ಆಮೇಲೆ 60ಕ್ಕೆ ಇಳಿಯಿತು. ಮುಗಿಯಲು ಎರಡು ಗಂಟೆಯ ಮೇಲೆ. ಫೋಟೋ ಸ್ಟುಡಿಯೋದವರು ಮದುವೆ ವಿಡಿಯೋ ಕಾಪಿ ಹಾಕಿ "ಹ್ಯಾಂಗ್ ಆಯ್ತು" ಎಂದು ಬರುವುದು ಇದಕ್ಕೇ.

ಇನ್ನು ಕರೆಂಟ್ ತೆಗೆಯುವ ಪರೀಕ್ಷೆ. ಹಳೆಯ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಒಂದು, ಕರೆಂಟ್ ಆನ್ ಆಫ್ ಮಾಡಲು ನೂರೈವತ್ತು ರೂಪಾಯಿಯ ರಿಲೇ ಬೋರ್ಡ್, ಅದನ್ನು ನಡೆಸಲು ಮಗ ಕಾಲೇಜಿಗೆ ಕೊಂಡಿದ್ದ ಆರ್ಡುಯಿನೊ ಎಂಬ ಪುಟ್ಟ ಬೋರ್ಡ್. ಡ್ರೈವ್‌ಗೆ ಡೇಟಾ ಕೇಬಲ್ ಪಿಸಿಯಿಂದ, ಪವರ್ ಮಾತ್ರ ರಿಲೇ ಮೂಲಕ. ಪಿಸಿ ನಂಬರ್ ಹಾಕಿದ ಬ್ಲಾಕ್‌ಗಳನ್ನು ಬರೆಯುತ್ತಾ ಹೋಗುತ್ತದೆ, ಒಂದೊಂದಕ್ಕೂ 'ಬರೆದಾಯ್ತು' ಎಂದು ಡ್ರೈವ್ ಒಪ್ಪಿದ ಮೇಲೆ ಲೆಕ್ಕಕ್ಕೆ ಹಿಡಿಯುತ್ತದೆ. ನಲವತ್ತು ಸೆಕೆಂಡಿಗೆ ಒಮ್ಮೆ ರಿಲೇ ಟಕ್ ಅನ್ನುತ್ತದೆ, ಕರೆಂಟ್ ಹೋಗುತ್ತದೆ. ಬಂದ ಮೇಲೆ ಒಪ್ಪಿದ ಬ್ಲಾಕ್‌ಗಳೆಲ್ಲ ಇವೆಯೇ ಎಂದು ಓದಿಸುತ್ತೇನೆ. ರಾತ್ರಿಯಿಡೀ ಅಂಗಡಿಯಲ್ಲಿ ಟಕ್ ಟಕ್.

ಅಗ್ಗದ ಮೂರು ಹೊಸ ಡ್ರೈವ್ ಇದಕ್ಕೆ ಬಲಿ ಕೊಟ್ಟೆ. ಒಂದು 37ನೇ ಸಲಕ್ಕೆ ಹೆಸರು ಬದಲಿಸಿಕೊಂಡಿತು, ಅದೇ ಸಾಟಾಫರ್ಮ್. ಇನ್ನೊಂದು ನೂರರ ಮೇಲೆ ಬಂದು ಸುಮ್ಮನಾಯಿತು, ಬಯೋಸ್‌ಗೆ ಕಾಣಿಸಲೇ ಇಲ್ಲ. ಮೂರನೆಯದು ಇನ್ನೂರು ಸಲ ಬದುಕಿತು, ಆದರೆ ಬರೆದಾಯ್ತು ಎಂದು ಒಪ್ಪಿದ ಬ್ಲಾಕ್‌ಗಳನ್ನು ಹಲವು ಸಲ ಕಳೆದಿತ್ತು. ಡಿರ್‍ಯಾಮ್ (ಓಡುವಾಗ ಬಳಸುವ ಮೆಮೊರಿ ಚಿಪ್) ಇರುವ ಒಳ್ಳೆಯ ಟಿಎಲ್‌ಸಿ (ಕೋಶಕ್ಕೆ ಮೂರು ಬಿಟ್) ಡ್ರೈವ್ ಇನ್ನೂರು ಸಲ ತಡೆದು ಒಂದೆರಡು ಬ್ಲಾಕ್ ಕಳೆಯಿತು. ಸರ್ವರ್ ಡ್ರೈವ್ ಐನೂರು ಸಲ ತಡೆಯಿತು. ಒಂದು ಬ್ಲಾಕ್ ಕೂಡ ಹೋಗಲಿಲ್ಲ. ಆ ಬೆಳಿಗ್ಗೆ ಪಕ್ಕದ ಅಂಗಡಿಯ ಗೆಳೆಯನನ್ನು ಕರೆದು ಸ್ಕ್ರೀನ್ ತೋರಿಸಿದೆ. ಬ್ರಷ್ ಮಾತು ಆಮೇಲೆ ಬರಲಿಲ್ಲ.

ಫರ್ಮ್‌ವೇರ್ (ಡ್ರೈವ್ ಒಳಗಿನ ಸಾಫ್ಟ್‌ವೇರ್) ಮರೆಯಬೇಡಿ. ಸರ್ವರ್ ಡ್ರೈವ್ ಅಂದ ಮಾತ್ರಕ್ಕೆ ದೇವರಲ್ಲ. 2019ರಲ್ಲಿ ಸರ್ವರ್ ಕಂಪನಿ ಎಚ್‌ಪಿಇ ತನ್ನ ಕೆಲವು ಎಸ್‌ಎಎಸ್ ಡ್ರೈವ್‌ಗಳು ಸರಿಯಾಗಿ 32,768 ಗಂಟೆಗೆ ಸಾಯುತ್ತವೆ, ಫರ್ಮ್‌ವೇರ್ ಬದಲಿಸಿ ಎಂದು ಎಚ್ಚರಿಸಿತ್ತು. ಇಂಟೆಲ್ 320ರಲ್ಲಿ 2011ರಲ್ಲೇ ಕರೆಂಟ್ ಹೋದರೆ ಡ್ರೈವ್ 8 ಎಂಬಿ ಆಗಿಬಿಡುವ ತೊಂದರೆ ಇತ್ತು, ಅದಕ್ಕೂ ಫರ್ಮ್‌ವೇರ್ ಬಂತು. ನಾನು ಸರ್ವರ್ ಕಂಪನಿಯ ಲೇಬಲ್ ಇರುವ ಡ್ರೈವ್ ಆದಷ್ಟು ಬಿಡುತ್ತೇನೆ. ಡ್ರೈವ್ ಮಾಡಿದವರ ಟೂಲ್ ಅದರ ಫರ್ಮ್‌ವೇರ್ ಅಪ್‌ಡೇಟ್ ಮಾಡುವುದಿಲ್ಲ.

ನಡುವೆ ಇನ್ನೊಂದು ಹುಚ್ಚು. ಸವೆದ ಎರಡು ಡ್ರೈವ್‌ಗಳಲ್ಲಿ ಡೇಟಾ ತುಂಬಿ ಮಾರ್ಚ್‌ನಿಂದ ಜೂನ್‌ವರೆಗೆ ತಗಡಿನ ಬೀರುವಿನಲ್ಲಿ ಇಟ್ಟೆ. ತೆಗೆದು ಓದಿಸಿದರೆ ಡೇಟಾ ಇತ್ತು, ಆದರೆ ಒಂದರ ಓದುವ ವೇಗ 450ರಿಂದ 90ಕ್ಕೆ ಬಿದ್ದಿತ್ತು. ಚಿಪ್‌ಗಳಿಗೆ ಮಾನದಂಡ ಬರೆಯುವ ಜೆಡೆಕ್ ಸಂಸ್ಥೆಯ ನಿಯಮ ನೋಡಿದರೆ ಅರ್ಥವಾಗುತ್ತದೆ. ಆಯಸ್ಸು ತೀರಿದ ಮೇಲೂ ಮನೆ ಬಳಕೆಯ ಡ್ರೈವ್ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿಯಬೇಕು, ಸರ್ವರ್ ಡ್ರೈವ್ 40 ಡಿಗ್ರಿಯಲ್ಲಿ ಮೂರು ತಿಂಗಳು ಹಿಡಿದರೆ ಸಾಕು. ಹಾಗಾಗಿ ಕಪಾಟಿನಲ್ಲಿಡುವ ಬ್ಯಾಕಪ್‌ಗೆ ನಾನು ಸರ್ವರ್ ಡ್ರೈವ್ ಕೊಡುವುದಿಲ್ಲ. ಅದಕ್ಕೆ ಹಳೆಯ ಹಾರ್ಡ್‌ಡಿಸ್ಕೇ ಸರಿ.

ಇದರ ಕೊರತೆ ಕೂಡ ಹೇಳಬೇಕು. ಈ ಡ್ರೈವ್ ಸುಮ್ಮನಿದ್ದಾಗಲೂ ಅರ್ಧ ವಾಟ್‌ಗಿಂತ ಜಾಸ್ತಿ ಎಳೆಯುತ್ತದೆ. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್‌ನಲ್ಲಿ ಇಪ್ಪತ್ತು ನಿಮಿಷ ಕಡಿಮೆ ಬರುತ್ತದೆ. ಕಾಲೇಜು ಹುಡುಗರಿಗೆ ನಾನು ಹಾಕುವುದು ಹೊಸ ಟಿಎಲ್‌ಸಿ, ಐದು ವರ್ಷ ವಾರಂಟಿ ಇರುವುದು, ಕೊನೆಯ ಹತ್ತು ಪರ್ಸೆಂಟ್ ಪಾರ್ಟಿಷನ್ ಮಾಡದೆ ಬಿಟ್ಟು. ಸತ್ತ ಬ್ಯಾಟರಿಯವರಿಗೆ ಮಾತ್ರ ಸರ್ವರ್ ಡ್ರೈವ್. ಎರಡು ಸಾವಿರದ ಎಂಟುನೂರಕ್ಕೆ ಕೊಟ್ಟು ಒಂದು ವರ್ಷ ನನ್ನದೇ ವಾರಂಟಿ ಬರೆದುಕೊಡುತ್ತೇನೆ. ಒಂದಕ್ಕೆ ಐನೂರು ಆರುನೂರು ಉಳಿಯುತ್ತದೆ.

ಆ ಲೆಕ್ಕಿಗರು ಈಗಲೂ ನನ್ನ ಗಿರಾಕಿ. ಅವರಿಗೆ ಹಾಕಿದ್ದು ಎಸ್3500, ದುಡ್ಡು ತೆಗೆದುಕೊಳ್ಳಲಿಲ್ಲ. ಕಳೆದ ವರ್ಷ ಕೀಬೋರ್ಡ್ ಬದಲಿಸಲು ಬಂದಾಗ ಕುತೂಹಲಕ್ಕೆ ಸ್ಮಾರ್ಟ್ ತೆರೆದೆ. ಇದ್ದಕ್ಕಿದ್ದಂತೆ ಕರೆಂಟ್ ಹೋದ ಲೆಕ್ಕ 174ನೇ ಸಾಲಿನಲ್ಲಿರುತ್ತದೆ. ನಾನ್ನೂರು ದಾಟಿತ್ತು. ಬ್ಯಾಟರಿ ಇನ್ನೂ ಬದಲಿಸಿಲ್ಲ. ಟ್ಯಾಲಿ ಡೇಟಾ ಪೂರ್ತಿ ಇತ್ತು.

ಎನ್‌ವಿಎಂಇ (ಎಂ.2 ಎಂಬ ಸ್ಲಾಟ್‌ಗೆ ಕೂರುವ ಪಟ್ಟಿಯಂಥ ವೇಗದ ಎಸ್‌ಎಸ್‌ಡಿ) ಲ್ಯಾಪ್‌ಟಾಪ್‌ಗಳದ್ದೇ ಈಗ ತಲೆನೋವು. ಕೆಪಾಸಿಟರ್ ಇರುವ ಎಂ.2 ಡ್ರೈವ್‌ಗಳು ಹೆಚ್ಚಾಗಿ 22110, ಅಂದರೆ 110 ಮಿ.ಮೀ. ಉದ್ದ, ಲ್ಯಾಪ್‌ಟಾಪ್‌ಗೆ ಕೂರುವುದಿಲ್ಲ. ಮೈಕ್ರಾನ್ 7450 ಪ್ರೊ 480 ಮತ್ತು 960 ಜಿಬಿಯಲ್ಲಿ 2280 (80 ಮಿ.ಮೀ.) ಉದ್ದದಲ್ಲೂ ಇದೆ. ಒಂದು ಸಿಕ್ಕಿದೆ, ಬಿಸಿ ಜಾಸ್ತಿ, ತಾಮ್ರದ ತೆಳು ಪಟ್ಟಿ ಅಂಟಿಸಿ ನೋಡುತ್ತಿದ್ದೇನೆ. ರಿಲೇ ಮೇಲೆ ಇನ್ನೂರು ಸಲ ದಾಟಿದೆ.