ಮೇಲ್ತುಟಿ ಮೇಲಿನ ಉಂಗುರ, ಮೋರಿಸ್ ಆಂಡ್ರೆ ಮತ್ತು ನಾನು

ನಾನು ಟ್ರಂಪೆಟ್ ಹಿಡಿದಿದ್ದು ಮೈಸೂರಲ್ಲಿ, ಮದುವೆ ಬ್ಯಾಂಡ್ ಸೆಟ್ಟಲ್ಲಿ, ಹದಿನಾರನೇ ವಯಸ್ಸಿಗೆ. ಮೆರವಣಿಗೆಲಿ ಡ್ರಮ್ಮು, ಜನರೇಟರು, ಪಟಾಕಿ ಎಲ್ಲಾನೂ ಮೀರಿ ಕೇಳಿಸ್ಬೇಕಲ್ಲ, ಅದಕ್ಕೆ ನಮಗೆ ಗೊತ್ತಿದ್ದಿದ್ದು ಒಂದೇ ದಾರಿ, ಮೌತ್‌ಪೀಸನ್ನ ತುಟಿಗೆ ಒತ್ತಿ ಹಿಡಿದು ಊದೋದು. ರಾತ್ರಿ ಮನೆಗೆ ಬಂದು ಕನ್ನಡಿ ನೋಡಿದ್ರೆ ಮೇಲ್ತುಟಿ ಮೇಲೆ ಉಂಗುರ ಒತ್ತಿದ ಹಾಗೆ ಕೆಂಪು ಗುರುತು ಇರೋದು, ಬೆಳಿಗ್ಗೆವರೆಗೂ ಹೋಗ್ತಿರ್ಲಿಲ್ಲ. ಚೆನ್ನಾಗಿ ದುಡಿದಿದ್ದೀನಿ ಅಂತ ಅದನ್ನೇ ಹೆಮ್ಮೆಯಿಂದ ನೋಡ್ಕೋತಿದ್ದೆ.

ಪೊಲೀಸ್ ಬ್ಯಾಂಡಲ್ಲಿದ್ದು ರಿಟೈರ್ ಆದ ಹಿರಿಯರೊಬ್ಬರು ಒಂದು ಕ್ಯಾಸೆಟ್ ಕೊಟ್ರು. ಪಾಶ್ಚಾತ್ಯ ಸಂಗೀತದ ರಚನೆಕಾರ ಹೈಡನ್‌ನ ಟ್ರಂಪೆಟ್ ಕಾನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಒಂದು ವಾದ್ಯ ಮುಂದೆ ನಿಂತು ನುಡಿಸೋ ಕೃತಿ), ಊದಿದ್ದು ಫ್ರಾನ್ಸಿನ ಮೋರಿಸ್ ಆಂಡ್ರೆ. ನಿಜ ಹೇಳ್ತೀನಿ, ಎರಡನೇ ಭಾಗ ಬಂದಾಗ ಇದು ಟ್ರಂಪೆಟ್ಟೇ ಅಂತ ನಂಬೋಕೆ ಆಗ್ಲಿಲ್ಲ, ಯಾರೋ ಗಂಟಲು ಬಿಚ್ಚಿ ಹಾಡ್ತಿದಾರೆ ಅನ್ನಿಸ್ತು.

ಆಮೇಲೆ ಆಂಡ್ರೆ ಬಗ್ಗೆ ಹುಡುಕಿ ಹುಡುಕಿ ಓದ್ದೆ. 1933ರಲ್ಲಿ ಫ್ರಾನ್ಸಿನ ಆಲೆಸ್ ಅನ್ನೋ ಊರಲ್ಲಿ ಕಲ್ಲಿದ್ದಲು ಗಣಿ ಕೆಲಸಗಾರನ ಮನೇಲಿ ಹುಟ್ಟಿದ್ದು, ಹದಿನಾಲ್ಕಕ್ಕೆ ತಾನೂ ಗಣಿಗೆ ಇಳಿದ. ಪ್ಯಾರಿಸ್ ಕನ್ಸರ್ವೇಟರಿ ಅನ್ನೋ ಸಂಗೀತ ಕಾಲೇಜಿಗೆ ಸೇರೋಕೆ ದುಡ್ಡಿಲ್ಲ, ಮಿಲಿಟರಿ ಬ್ಯಾಂಡಿಗೆ ಸೇರಿದ್ರೆ ಫೀಸಿಲ್ಲದೆ ಓದಬಹುದು ಅಂತ ಆ ದಾರಿ ಹಿಡಿದ. ಕನ್ಸರ್ವೇಟರಿಲಿ ಮೇಷ್ಟ್ರು ರೇಮೊಂಡ್ ಸಬಾರಿಚ್, ಸರಿಯಾಗಿ ಊದೋಕೆ ಬಂದ ಮೇಲೆ ಬಾ ಅಂತ ಕ್ಲಾಸಿಂದ ಕಳಿಸಿಬಿಟ್ರಂತೆ, ಕೆಲವು ವಾರ ಬಿಟ್ಟು ಇವನು ಟ್ರಂಪೆಟ್ ಕಲಿಯೋರು ಓದೋ ಆರ್ಬನ್ ಪುಸ್ತಕದ ಕೊನೇಲಿರೋ 14 ಎಟ್ಯೂಡನ್ನೂ (ಅಭ್ಯಾಸಕ್ಕೆ ಅಂತ ಬರೆದ ಕೃತಿಗಳು) ಕಲಿತು ವಾಪಸ್ ಹೋದ. ಆ ಎಟ್ಯೂಡ್ ಊದಿ ನೋಡಿದವರಿಗೇ ಗೊತ್ತು ಅದೇನು ಅಂತ, ನಮ್ಮ ಕಡೆ ಅಸುರ ಸಾಧಕ ಅಂತೀವಲ್ಲ, ಅದು. 1955ರಲ್ಲಿ ಜಿನೀವಾ ಸ್ಪರ್ಧೆ ಗೆದ್ದ. 1963ರಲ್ಲಿ ಮ್ಯೂನಿಕ್ ಸ್ಪರ್ಧೆಗೆ ಜಡ್ಜಾಗಿ ಬಾ ಅಂದ್ರೆ ಇಲ್ಲ ನಾನು ಸ್ಪರ್ಧಿಯಾಗೇ ಬರ್ತೀನಿ ಅಂತ ಹೋಗಿ ಅದನ್ನೂ ಗೆದ್ದ! ಟ್ರಂಪೆಟ್ಟಿಗೆ ಅಂತ ಬರೆದ ಕೃತಿಗಳು ಕಡಿಮೆ ಅಂತ ಓಬೋ ಅನ್ನೋ ಊದೋ ವಾದ್ಯಕ್ಕೆ, ವಯಲಿನ್ನಿಗೆ ಬರೆದಿದ್ದನ್ನೆಲ್ಲ ಇದಕ್ಕೆ ತಂದ. 2012ರಲ್ಲಿ ತೀರ್ಕೊಳ್ಳೋ ಹೊತ್ತಿಗೆ ರೆಕಾರ್ಡಿಂಗ್ 300 ದಾಟಿತ್ತು.

ಇದನ್ನೆಲ್ಲ ಓದಿ ನಾನು ಮಾಡಿದ ತಪ್ಪು ಏನಂದ್ರೆ ಅವನ ಪಿಕೊಲೊ ಟ್ರಂಪೆಟ್ ಹಿಂದೆ ಬಿದ್ದಿದ್ದು. ಅದರ ಕೊಳವೆ ಮಾಮೂಲಿ ಟ್ರಂಪೆಟ್ಟಿನ ಅರ್ಧ ಉದ್ದ, ಸೋ ತಾರಸ್ಥಾಯಿ ತಾನಾಗೇ ಬರುತ್ತೆ ಅಂದ್ಕೊಂಡೆ. ಒಂದನ್ನ ಎರವಲು ತಂದು ಎರಡು ದಿನ ಒತ್ತಿ ಒತ್ತಿ ಊದಿದೆ, ತುಟಿ ಊದ್ಕೊಂಡು ಮೂರು ವಾರ ಮೌತ್‌ಪೀಸ್ ಮುಟ್ಟೋಕೆ ಆಗ್ಲಿಲ್ಲ, ಒಂದು ಮದುವೆ ಸೀಸನ್ನೇ ಹೋಯ್ತು.

ವಾಸಿಯಾದ್ಮೇಲೆ ಮೊದಲಿಂದ ಶುರು ಮಾಡಿದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಬರೀ ಲಾಂಗ್ ಟೋನ್, ಅಂದ್ರೆ ಒಂದೇ ಸ್ವರನ ಉದ್ದಕ್ಕೆ ಹಿಡಿಯೋದು, ಪಕ್ಕದ ರೂಮಲ್ಲಿ ಮಗು ಮಲಗಿದ್ರೂ ಏಳಬಾರ್ದು ಅಷ್ಟು ಮೆಲ್ಲಗೆ. ನಾಲಿಗೆ ತಾಗಿಸದೆ ಉಸಿರಲ್ಲೇ ಸ್ವರ ಹುಟ್ಟಬೇಕು. ಮೊದಮೊದಲು ಬರೀ ಗಾಳಿ ಬರ್ತಿತ್ತು, ಸ್ವರಾನೇ ಇಲ್ಲ, ಯಾಕಂದ್ರೆ ಇಷ್ಟು ವರ್ಷ ಕಂಪಿಸ್ತಿದ್ದ ತುಟಿನ ಲೋಹದಿಂದ ಅದುಮಿಟ್ಟೇ ಅಭ್ಯಾಸ. ಎಷ್ಟು ಹೊತ್ತು ಊದ್ತೀನೋ ಅಷ್ಟು ಹೊತ್ತು ರೆಸ್ಟ್, ಇದನ್ನ ಮಾತ್ರ ಯಾರೂ ಬಿಡಬೇಡಿ. ಎಡಗೈ ಬೆರಳು ಬಿಗಿಯಾಯ್ತು ಅಂದ್ರೆ ಒತ್ತಡ ಶುರುವಾಗಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸ್ತಿದ್ದೆ.

ಆರು ತಿಂಗಳಾದ್ಮೇಲೆ ಹೈಡನ್ ತಗೊಂಡೆ, ಬರೀ ಆಂಡಾಂಟೆ, ಅಂದ್ರೆ ಆ ಎರಡನೇ ಭಾಗ. ಹೈಡನ್ ಇದನ್ನ 1796ರಲ್ಲಿ ಬರೆದಿದ್ದು ವಿಯೆನ್ನಾದ ಟ್ರಂಪೆಟ್ ವಾದಕ ಆಂಟನ್ ವೈಡಿಂಗರ್‌ಗೋಸ್ಕರ. ಆಗ ಬೆರಳಲ್ಲಿ ಒತ್ತಿ ಸ್ವರ ಬದಲಾಯಿಸೋ ವಾಲ್ವೇ ಬಂದಿರ್ಲಿಲ್ಲ, ಹಳೇ ಟ್ರಂಪೆಟ್ಟಲ್ಲಿ ಕೆಳಗಿನ ಸ್ಥಾಯಿಲಿ ಸ್ವರಗಳ ಮಧ್ಯೆ ದೊಡ್ಡ ದೊಡ್ಡ ಗ್ಯಾಪು, ಹಾಡೋ ಥರ ಊದೋದು ಸಾಧ್ಯಾನೇ ಇರ್ಲಿಲ್ಲ. ವೈಡಿಂಗರ್ ಕೊಳವೆಗೆ ತೂತು ಕೊರೆದು ಅದನ್ನ ಮುಚ್ಚಿ ತೆಗೆಯೋ ಕೀಲಿ ಕೂರಿಸ್ಕೊಂಡಿದ್ದ, ಅದಕ್ಕೇ ಹೈಡನ್‌ಗೆ ಇಂಥ ಹಾಡು ಬರೆಯೋಕಾಗಿದ್ದು. ಇದು ಗೊತ್ತಾದ್ಮೇಲೆ ನಾನು ಆ ಭಾಗ ಊದೋ ರೀತಿನೇ ಬದಲಾಯ್ತು, ಮೊದಲು ಸರಿಗಮದಲ್ಲಿ ಬಾಯಲ್ಲಿ ಹಾಡ್ಕೊಂಡು, ಎಲ್ಲಿ ಉಸಿರು ತಗೋತೀನೋ ಅಲ್ಲೇ ಪೆನ್ಸಿಲಲ್ಲಿ ಗುರುತು ಹಾಕಿ, ಆಮೇಲೆ ಟ್ರಂಪೆಟ್ ಎತ್ತುತಿದ್ದೆ.

ಪೂರ್ತಿ ಎರಡು ವರ್ಷ ಹಿಡೀತು. ಈಗ್ಲೂ ಮದುವೆಗೆ ಹೋಗ್ತೀನಿ, ಮೂರು ಗಂಟೆ ಮೆರವಣಿಗೆ ಮುಗಿಸಿ ಕೈ ತೊಳೆದು ಊಟಕ್ಕೆ ಕೂರೋಷ್ಟರಲ್ಲಿ ತುಟಿ ಮೇಲಿನ ಗುರುತು ಮಾಸಿರುತ್ತೆ. ಸದ್ಯ ಕಾನ್ಸರ್ಟೊದ ಕೊನೇ ಭಾಗ ಫಿನಾಲೆ ನಡೀತಿದೆ, ಟ್ರಿಲ್ (ಪಕ್ಕಪಕ್ಕದ ಎರಡು ಸ್ವರನ ಬೇಗಬೇಗ ಬದಲಾಯಿಸೋದು) ಬರೋ ಕಡೆ ಇನ್ನೂ ಬೆರಳು ಬಿಗಿಯುತ್ತೆ, ಲಯ ತೋರಿಸೋ ಮೆಟ್ರೊನೋಮನ್ನ ನಿಮಿಷಕ್ಕೆ 96 ಬಡಿತಕ್ಕೆ ಇಟ್ಕೊಂಡು ದಿನಾ ಅಷ್ಟನ್ನೇ ತಿದ್ತಾ ಇದೀನಿ.