ಒಂದೇ ಕೋಣೆಯಲ್ಲಿ ಬಾಹ್ಯಾಕಾಶ ಯಾನ: ‘ಫೌಂಡ್ ಫುಟೇಜ್’ ಸಿನಿಮಾ ಮಾಡುವುದು ಹೇಗೆ?

ನೌಕೆ ಮರಳಲಿಲ್ಲ. ಅದರೊಳಗಿನ ಕ್ಯಾಮೆರಾಗಳು ಕಂಡದ್ದು ಮಾತ್ರ ನಮಗೆ ಸಿಕ್ಕಿದೆ. ‘ಫೌಂಡ್ ಫುಟೇಜ್’ ಎಂದರೆ ಪಾತ್ರಗಳೇ ಚಿತ್ರೀಕರಿಸಿ ಬಿಟ್ಟುಹೋದ ದೃಶ್ಯಗಳು ನಮ್ಮ ಕೈಗೆ ಸಿಕ್ಕಂತೆ ಕಥೆ ಹೇಳುವ ಬಗೆ; ಅಂಥ ಬಾಹ್ಯಾಕಾಶ ಸಿನಿಮಾಕ್ಕೆ ಇಷ್ಟು ಎಳೆ ಸಾಕು. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಇಷ್ಟು ಒದಗಿಬರುವ ಪ್ರಕಾರ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಆದರೆ ಕ್ಯಾಮೆರಾವನ್ನು ಅಲುಗಾಡಿಸಿದರಾಯಿತು ಎಂದುಕೊಂಡು ಹೊರಟವರು ಮೊದಲ ದೃಶ್ಯದಲ್ಲೇ ಎಡವುತ್ತಾರೆ.

ಮೊದಲು ಕ್ಯಾಮೆರಾದ ಕಥೆ

ಚಿತ್ರಕಥೆಗೂ ಮುಂಚೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಕ್ಯಾಮೆರಾವನ್ನು ಅಲ್ಲಿ ಇಟ್ಟವರು ಯಾರು? ಪ್ರಾಣಕ್ಕೆ ಕುತ್ತು ಬಂದಾಗಲೂ ಅದು ಏಕೆ ಓಡುತ್ತಿದೆ? ದೃಶ್ಯ ಭೂಮಿಗೆ ತಲುಪಿದ್ದು ಹೇಗೆ? ಮೂರನೆಯದನ್ನು ಹಲವರು ಮರೆಯುತ್ತಾರೆ. ಕಥೆಯ ಜೀವ ಇರುವುದು ಅಲ್ಲೇ. 1969ರಲ್ಲಿ ಅಪೊಲೊ 11ರ ಚಂದ್ರನಡಿಗೆಯನ್ನು ಸೆರೆಹಿಡಿದ ಟಿವಿ ಕ್ಯಾಮೆರಾ ಕಳಿಸಿದ್ದು ಸೆಕೆಂಡಿಗೆ 10 ಚೌಕಟ್ಟು, ಚೌಕಟ್ಟಿಗೆ 320 ಗೆರೆ. ಅದು ಮನೆಯ ಟಿವಿಗಳಿಗೆ ಹೊಂದುತ್ತಿರಲಿಲ್ಲ; ಹಾಗಾಗಿ ಭೂಮಿಯ ಕೇಂದ್ರಗಳಲ್ಲಿ ಅದನ್ನು ಪರದೆಯ ಮೇಲೆ ಮೂಡಿಸಿ, ಆ ಪರದೆಯತ್ತ ಇನ್ನೊಂದು ಕ್ಯಾಮೆರಾ ತಿರುಗಿಸಿ ಪ್ರಸಾರ ಮಾಡಿದರು. ಜಗತ್ತು ನೋಡಿದ್ದು ಮಸುಕಾದ ಪ್ರತಿಯನ್ನು. ಮೂಲ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿರಬೇಕು ಎಂದು ನಾಸಾ 2009ರಲ್ಲಿ ತಿಳಿಸಿತು. ನಿಜವಾದ ದೃಶ್ಯವೇ ಇಷ್ಟೆಲ್ಲ ದಾಟಿ ಬಂದಿದೆ. ನಿಮ್ಮ ಕಲ್ಪನೆಯ ದೃಶ್ಯದ ಮೈಮೇಲೂ ಅಂಥ ಪಯಣದ ಗುರುತುಗಳು ಇರಲಿ.

ದೂರವನ್ನು ಮಾತಿಗೆ ತನ್ನಿ

ಚಂದ್ರನಿಂದ ರೇಡಿಯೊ ಸಂದೇಶ ಬರಲು ಸುಮಾರು 1.3 ಸೆಕೆಂಡ್ ಬೇಕು. ಮಂಗಳದಿಂದ 3ರಿಂದ 22 ನಿಮಿಷ, ಗುರುವಿನ ಬಳಿಯಿಂದ ಅರ್ಧ ಗಂಟೆಗೂ ಹೆಚ್ಚು. ಆದ್ದರಿಂದ ಮಂಗಳಯಾತ್ರಿ ನಿಯಂತ್ರಣ ಕೇಂದ್ರದೊಂದಿಗೆ ಫೋನಿನಲ್ಲಿ ಮಾತನಾಡಿದಂತೆ ಮಾತನಾಡಲಾರ. ಪ್ರಶ್ನೆ ಕೇಳಿ ಕಾಯುತ್ತಾನೆ. ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಹಳತಾಗಿರುತ್ತದೆ. ಆ ಕಾಯುವಿಕೆಯನ್ನು ಕತ್ತರಿಸಿ ಎಸೆಯಬೇಡಿ.

ಸೆಟ್ ಮತ್ತು ತೂಕ

ಒಂದು ಇಕ್ಕಟ್ಟಾದ ಕೋಣೆ ಸಾಕು. ಗೋಡೆಗೆ ನಾಲ್ಕೈದು ಹಳೆಯ ಮೊಬೈಲ್‌ಗಳನ್ನು ಬಿಗಿದು ಕೋನಗಳನ್ನು ಬದಲಿಸದೆ ಬಿಡಿ. ಕದಲದ ಕ್ಯಾಮೆರಾ ತೂಕರಹಿತ ಸ್ಥಿತಿಯನ್ನು ತೋರಿಸಲು ನೆರವಾಗುತ್ತದೆ: ನೆಲವನ್ನೇ ನೌಕೆಯ ಗೋಡೆಯಂತೆ ಸಜ್ಜುಗೊಳಿಸಿ, ನಟನನ್ನು ಅದರ ಮೇಲೆ ಮಲಗಿಸಿ, ಮೇಲಿನಿಂದ ಚಿತ್ರೀಕರಿಸಿ. ಉಳಿದೆಡೆ ಸೊಂಟದ ಮೇಲಷ್ಟೇ ಚೌಕಟ್ಟಿನಲ್ಲಿರಲಿ; ಗಾಲಿಯ ಸ್ಟೂಲಿನ ಮೇಲೆ ಕುಳಿತು ನಿಧಾನವಾಗಿ ಜಾರಿದರೆ ತೇಲಿದಂತೆ ಕಾಣುತ್ತದೆ. ಜೋತುಬೀಳುವ ಕೂದಲು ಮತ್ತು ಸಡಿಲ ಬಟ್ಟೆ ಗುಟ್ಟನ್ನು ಬಿಟ್ಟುಕೊಡುತ್ತವೆ, ಬಿಗಿಯಾಗಿ ಕಟ್ಟಿಸಿ.

ಕಿಟಕಿಯಾಚೆಗೆ ಕಪ್ಪು ಬಟ್ಟೆ ಸಾಕು. ಬಿಸಿಲು ಬಿದ್ದ ನೆಲದ ಬೆಳಕಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ಮಂಕಾದ ನಕ್ಷತ್ರಗಳು ಮೂಡುವುದಿಲ್ಲ. ಗ್ರಹಗಳ ಚಿತ್ರ ಬೇಕಿದ್ದರೆ ನಾಸಾದ ಬಹುಪಾಲು ಚಿತ್ರಗಳಿಗೆ ಹಕ್ಕುಸ್ವಾಮ್ಯದ ತಡೆಯಿಲ್ಲ. ಅವರ ಲಾಂಛನವನ್ನು ಮಾತ್ರ ಅನುಮತಿಯಿಲ್ಲದೆ ಬಳಸಬಾರದು.

ಕೆಡಿಸುವ ಕೆಲಸ

ಸಾಫ್ಟ್‌ವೇರ್‌ನಲ್ಲಿ ಸಿದ್ಧವಾಗಿ ಸಿಗುವ ಹಳೆಯ ಟಿವಿಯ ಗೆರೆಗಳನ್ನು ದಯವಿಟ್ಟು ಹಚ್ಚಬೇಡಿ. ಡಿಜಿಟಲ್ ಸಂಕೇತ ಹಾಗೆ ಕೆಡುವುದಿಲ್ಲ. ಅದು ಚೌಕ ಚೌಕವಾಗಿ ಒಡೆಯುತ್ತದೆ, ಹೆಪ್ಪುಗಟ್ಟುತ್ತದೆ, ಇಲ್ಲವೇ ಥಟ್ಟನೆ ಇಲ್ಲವಾಗುತ್ತದೆ. ವಿಕಿರಣದ ಏಟಿಗೆ ಕ್ಯಾಮೆರಾದ ಸಂವೇದಕದಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ. ಕೆಲವು ಅಲ್ಲೇ ಉಳಿದುಬಿಡುತ್ತವೆ. ಯಾನದ ದಿನಗಳು ಉರುಳಿದಂತೆ ಈ ಚುಕ್ಕೆಗಳನ್ನು ಒಂದೊಂದಾಗಿ ಹೆಚ್ಚಿಸಿ. ಮಾತಿಲ್ಲದೆಯೇ ಕಾಲ ಸರಿದದ್ದು ಕಾಣುತ್ತದೆ.

ಕೊನೆಯದಾಗಿ ಶಬ್ದ. ನಿರ್ವಾತದಲ್ಲಿ ಸದ್ದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೆ ನೌಕೆಯೊಳಗೆ ನಿಶ್ಶಬ್ದವೆಂಬುದೇ ಇಲ್ಲ. ತೂಕವಿಲ್ಲದ ಕಡೆ ಬಿಸಿಗಾಳಿ ಮೇಲೇರುವುದಿಲ್ಲ; ಫ್ಯಾನ್‌ಗಳು ತಿರುಗದಿದ್ದರೆ ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಮುಖದ ಸುತ್ತಲೇ ನಿಲ್ಲುತ್ತದೆ. ಆದ್ದರಿಂದ ಫ್ಯಾನಿನ ಗುಂಯ್‌ಗುಡುವಿಕೆ ಮೊದಲಿನಿಂದಲೂ ಇರಲಿ, ಕುತ್ತು ಬಂದಾಗ ಮಾತ್ರ ಅದು ನಿಲ್ಲಲಿ; ಹಿನ್ನೆಲೆ ಸಂಗೀತ ಬೇಡ. ಸಂಕಲನ ಮುಗಿದ ಮೇಲೆ ಇಡೀ ಸಿನಿಮಾವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ. ಫ್ಯಾನ್ ನಿಂತ ಗಳಿಗೆಯಲ್ಲಿ ನಿಮ್ಮ ಉಸಿರು ಬಿಗಿಹಿಡಿಯದಿದ್ದರೆ, ಆ ಸದ್ದನ್ನು ಮತ್ತೆ ಧ್ವನಿಮುದ್ರಿಸಿ.